ಎಲ್ಲಾ ಒಂದ ಡಬ್ಬ್ಯಾಗ

ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನಬೇಕು, ಚಹಾ ಕುಡಿಯಬೇಕು, ಕೇಳಿದ್ದಕ್ಕಷ್ಟೇ ಬಾಯಿ ಬಿಟ್ಟು ಮರ್ಯಾದೆಯಿಂದ ಎದ್ದು ಬರಬೇಕು. ಈರೇಶನಿಗೆ ಅವನ ಅವ್ವ ಗೌರಕ್ಕ ಇದನ್ನು ಅಣ್ಣಿಗೇರಿಯಲ್ಲಿ ಗಾಡಿ ಹತ್ತುವಾಗ ಹೇಳಿದಳು, ಶಲವಡಿಯಲ್ಲಿ ಇಳಿಯುವಾಗ ಹೇಳಿದಳು, ಹೆಣ್ಣಿನ ಮನೆಯ ಹೊಸ್ತಿಲು ದಾಟುವಾಗ ಬಾಯಿಂದ ಹೇಳಲಾಗದೆ ಮೊಣಕೈಯಿಂದ ತಿವಿದು ಹೇಳಿದಳು. ಇಷ್ಟು ಹೇಳಿಸಿಕೊಂಡ ಮೇಲೂ ಮನುಷ್ಯ ಕೆಡುತ್ತಾನೆ ಅಂದರೆ ಅವನೊಬ್ಬನನ್ನೇ ದೂರಬಾರದು. ಹುಡುಗಿ ರೋಹಿಣಿ ಚಹಾದ ತಾಟು ಹಿಡಿದು ಬಂದವಳು ಸೀದಾ ಅವನ ಮುಖ ನೋಡಿಬಿಟ್ಟಳು. ನೆಲ ನೋಡುವ ಹುಡುಗಿಯರಿಗೆ ಅವನು ತಯಾರಾಗಿ ಬಂದಿದ್ದ. ಇಂಥದ್ದಕ್ಕೆ ಯಾರೂ ತಯಾರು ಮಾಡಿ ಕಳಿಸಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಹುಡುಗಿಯ ಅಪ್ಪ ಸುಭಾಸ ಕೇಳಿದರು: "ಏನ್ ಉದ್ಯೋಗ ಮಾಡ್ತೀರಿ ತಮ್ಮಾ?"

ಖರೆ ಉತ್ತರ ಬಹಳ ಸಣ್ಣದು. ಅಣ್ಣಿಗೇರಿ ಪೇಟೆಯಲ್ಲಿ ಮಡಿವಾಳೆಪ್ಪನವರ ಅಡತಿ ಅಂಗಡಿ ಇದೆ. ರೈತರು ತಂದ ಹತ್ತಿ, ಕಡಲೆ, ಮೆಣಸಿನಕಾಯಿ ಅಲ್ಲಿ ಮಾರಾಟವಾಗುತ್ತವೆ. ಅದರ ಲೆಕ್ಕ ಬರೆಯುವ ದಿವಾನಜಿ ಈರೇಶ. "ದಿವಾನಜಿ ಅದೀನ್ರಿ" ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಹಿಂದಿನ ದಿನ ಅವನು ಫೋನಿನಲ್ಲಿ ಕ್ರಿಕೆಟ್ ಸ್ಕೋರು ಒತ್ತಲು ಹೋಗಿ ಬೇರೇನೋ ಒತ್ತಿ, ಯಾವುದೋ ಕಂಪನಿಯ ಜಾಹೀರಾತು ಪೂರ್ತಿ ಓದಿದ್ದ. ಹೊಟ್ಟೆಯಲ್ಲಿ ಉಳಿದಿದ್ದ ಅದು ಈಗ ಉಪ್ಪಿಟ್ಟಿನ ಮೇಲೆ ಹಾದು ಹೊರಗೆ ಬಂತು.

"ವ್ಯಾಪಾರಸ್ಥರ ಸಲುವಾಗಿ ಒಂದು ಸಿಸ್ಟಮ್ ಪ್ಲಾನ್ ಮಾಡಾಕತ್ತೇನ್ರಿ. ಧ್ವನಿ, ಇ-ಮೇಲ್, ಫ್ಯಾಕ್ಸ್. ಮೂರೂ ಬ್ಯಾರೆ ಬ್ಯಾರೆ ಬರೂದು ಬ್ಯಾಡ, ಎಲ್ಲಾ ಬಂದು ಒಂದ ಡಬ್ಬ್ಯಾಗ ಬೀಳ್ತಾವ."

ಗೌರಕ್ಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಮಗ ಒಂದು ಮಾತು ಆಡಿದ ಮೇಲೆ ಅವ್ವನಾದವಳು ಸುಮ್ಮನಿರಲಾದೀತೇ? "ಹೌದ್ರಿ ಯವ್ವಾ. ಊಟಾ ನಿದ್ದಿ ಬಿಟ್ಟು ಅದನ್ನ ಮಾಡಾಕತ್ತಾನ್ರಿ. ನೋಡ್ರಿ ಹೆಂಗ ಬಡವಾಗ್ಯಾನ" ಅಂದಳು. ಹಿರಿಯರೆಂದು ಜೊತೆಗೆ ಬಂದಿದ್ದ ಮಡಿವಾಳೆಪ್ಪನವರಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಂಡರು. ತಮ್ಮ ಅಂಗಡಿಯವನೊಬ್ಬ ಬೀಗರ ಎದುರಿಗೆ ಸುಳ್ಳಿನಲ್ಲಿ ಒಂಟಿಯಾಗಿ ನಿಂತಿದ್ದಾನೆ, ಸಾವುಕಾರನಾದವನು ಕೈಬಿಡುವ ಹಾಗಿಲ್ಲ.

"ನಮ್ಮ ಪೇಟಿ ಸಲುವಾಗಿನ ಮಾಡಾಕತ್ತಾನ್ರಿ" ಅಂದರು. "ನಾನ ಹೇಳೇನಿ, ಮಾಡು ಅಂತ."

ಹೊರಡುವಾಗ ಸುಭಾಸ ಅವರನ್ನು ಗಾಡಿಯ ತನಕ ಕಳಿಸಲು ಬಂದರು. "ನೋಡ್ರಿ ಸಾವ್ಕಾರ್ರ, ಮನ್ಯಾಗ ಕುಂತು ವಿಚಾರ ಮಾಡ್ತೀವಿ. ನಾವು ಹೆಣ್ಣಿನವ್ರು, ನಾವಾಗಿ ಮ್ಯಾಲಬಿದ್ದು ಫೋನ್ ಮಾಡಿದ್ರ ಛೊಲೋ ಕಾಣೂದಿಲ್ಲ. ನಮ್ಮದು ಒಪ್ಪಿಗಿ ಅಂದ್ರ ಅಮಾಸಿ ಒಳಗ ನಿಮ್ಮ ಅಂಗಡಿ ನಂಬರಿಗೆ ಒಂದು ಮಿಸ್ ಕಾಲ್ ಕೊಡ್ತೀನಿ. ನೀವು ಹೊಳ್ಳಿ ಮಾಡ್ರಿ, ಮಾತಾಡೂಣು. ರಿಂಗ್ ಬರಲಿಲ್ಲಂದ್ರ ಅದರಾಗ ತಿಳಕೊಂಡ ಬಿಡ್ರಿ."

ಈಗ ಎಲ್ಲರ ಫೋನಿನಲ್ಲೂ ಮಾತು ಪುಕ್ಕಟೆ. ಆದರೂ ನಮ್ಮ ಕಡೆ ಮಿಸ್ ಕಾಲ್ ಹೋಗಿಲ್ಲ, ಹೋಗುವುದೂ ಇಲ್ಲ. ಅದು ಮಾನದ ವಿಷಯ. ಯಾರು ರಿಂಗ್ ಕೊಡಬೇಕು, ಯಾರು ತಿರುಗಿ ಹೊಳ್ಳಿ ಮಾಡಬೇಕು ಅನ್ನುವುದರಲ್ಲಿ ಯಾರು ದೊಡ್ಡವರು ಅನ್ನುವುದು ತೀರ್ಮಾನವಾಗುತ್ತದೆ. ಒಂದು ಅಕ್ಷರ ಆಡದೆ ಮದುವೆ ಕೂಡಿಸಬಹುದು, ಒಂದು ಅಕ್ಷರ ಆಡದೆ ಮುರಿಯಬಹುದು. ಯಾರ ಬಾಯಿಯೂ ಕೆಡುವುದಿಲ್ಲ.

ಗಾಡಿ ಶಲವಡಿ ದಾಟಿದ್ದೇ ತಡ ಮಡಿವಾಳೆಪ್ಪ ಬಾಯಿ ಬಿಟ್ಟರು.

"ಲೇ ಈರ್ಯಾ, ನನ್ನ ಜನ್ಮದಾಗ ನಾ ಸುಳ್ಳು ಹೇಳಿದಾಂವ ಅಲ್ಲ. ಪೇಟಿ ರೇಟ್ ಬಿಟ್ರ ಬ್ಯಾರೆ ಯಾವ ವಿಷಯದಾಗೂ ಹೇಳಿಲ್ಲ. ಇವತ್ತ ನಿನ್ನ ಸಲುವಾಗಿ ಹೇಳಿದೆ."

"ತಪ್ಪಾತ್ರಿ ಸಾವ್ಕಾರ್ರ."

"ತಪ್ಪಾತು ಅಂದ್ರ ನಡಿಯೂದಿಲ್ಲ. ಶಲವಡಿಯವ್ರು ಹೆಣ್ಣು ಕೊಡೂ ಮುಂಚೆ ಪೇಟ್ಯಾಗ ಬಂದು ವಿಚಾರಣಿ ಮಾಡ್ತಾರ. ಎಲ್ಲೈತಿ ಡಬ್ಬಿ ಅಂತ ಕೇಳ್ತಾರ. ಆ ಸುಳ್ಳು ಖರೇ ಮಾಡು. ಇಲ್ಲಾಂದ್ರ ನಿನ್ನ ಲಗ್ನನೂ ಹೋತು, ನನ್ನ ಮರ್ಯಾದಿನೂ ಹೋತು."

ಹೀಗಾಗಿ ಅಣ್ಣಿಗೇರಿ ಪೇಟೆಗೆ ಏಕೀಕೃತ ಸಂದೇಶ ವ್ಯವಸ್ಥೆ ಬಂತು.

ಈರೇಶನ ದೋಸ್ತ ಬುಡನಸಾಬ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನ ಹತ್ತಿರ ಯಾರೋ ಬಿಟ್ಟುಹೋದ ಹಳೆಯ ಕಂಪ್ಯೂಟರೊಂದಿತ್ತು. ಫ್ಯಾಕ್ಸ್ ಮಶೀನು ಮಡಿವಾಳೆಪ್ಪನವರ ಅಂಗಡಿಯಲ್ಲೇ ಇತ್ತು. ಕೊಯಮತ್ತೂರಿನ ಒಬ್ಬ ಮುದುಕ ಹತ್ತಿ ವ್ಯಾಪಾರಿ ಇವತ್ತಿಗೂ ಫ್ಯಾಕ್ಸ್ ಬಿಟ್ಟು ಬೇರೆ ಯಾವುದನ್ನೂ ನಂಬುವುದಿಲ್ಲ. ಮಶೀನಿನ ಮೇಲೆ ಮಡಿವಾಳೆಪ್ಪನವರ ಹೆಂಡತಿ ರಾಜೇಶ್ವರಿ ಅಕ್ಕಾರು ಕಸೂತಿ ಹಾಕಿದ ವಸ್ತ್ರ, ಅದರ ಮೇಲೆ ಆಯುಧಪೂಜೆಯ ವಿಭೂತಿ. ಅದನ್ನು ಸರಿಸಿ ವೈರು ಹಾಕುವಾಗ ಈರೇಶ ಕೈ ಮುಗಿದೇ ಹಾಕಿದ.

ಪೇಟೆಯ ವ್ಯಾಪಾರಸ್ಥರ ಸಭೆ ಸೇರಿತು. ಈರೇಶ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದ. ನಡುವೆ ಒಂದು ಡಬ್ಬಿ, ಅದಕ್ಕೆ ಬರುವ ಮೂರು ಬಾಣ: ಧ್ವನಿ, ಇ-ಮೇಲ್, ಫ್ಯಾಕ್ಸ್. ಎಲ್ಲ ಅಂಗಡಿಗಳ ಫೋನನ್ನೂ ಈ ಡಬ್ಬಿಗೆ ತಿರುಗಿಸುವುದು, ಬಂದದ್ದೆಲ್ಲ ಇಲ್ಲಿ ಕೂಡಿ ಅವರವರ ಮೊಬೈಲಿಗೆ ಹೋಗುವುದು.

"ಕೂಡಿದ ಮ್ಯಾಲ?" ಅಂದರು ಹತ್ತಿ ವ್ಯಾಪಾರಿ ಗುಡದಪ್ಪ. ಅವರಿಗೆ ಕೂಡುವ ಯಾವುದರ ಮೇಲೂ ನಂಬಿಕೆಯಿಲ್ಲ. ಅಣ್ಣತಮ್ಮಂದಿರು ಕೂಡಿದ್ದರ ಮೇಲೂ ಇಲ್ಲ. "ಡಬ್ಬಿ ಇರೂದು ಮಡಿವಾಳೆಪ್ಪನ ಅಂಗಡ್ಯಾಗ. ರೇಟಿನ ಸುದ್ದಿ ಮೊದಲ ಅವರಿಗೆ ಗೊತ್ತಾಗಿ, ಅವ್ರು ಮಾಲು ತುಂಬಿಸಿಂದ ನಮಗ ಗೊತ್ತಾದ್ರ?"

"ನಾ ಹಂತಾಂವೇನಲೇ ಗುಡದ್ಯಾ?"

"ಅಲ್ರಿ. ಆದ್ರೂ."

ಈ 'ಆದ್ರೂ'ಗೆ ಅಣ್ಣಿಗೇರಿ ಪೇಟೆಯಲ್ಲಿ ಯಾರ ಹತ್ತಿರವೂ ಔಷಧಿಯಿಲ್ಲ. ಅದು ಮೂಲೆಯಿಂದ ಮೂಲೆಗೆ ಹಬ್ಬಿತು. ಸಭೆ ಮುರಿಯುವ ಹಾಗಾಯಿತು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಈರೇಶನ ಅಂಗಿ ಬೆನ್ನಿಗೆ ಅಂಟಿತು. ಗಾಬರಿಯಲ್ಲಿ ಅವನ ಬಾಯಿ ಮತ್ತೊಮ್ಮೆ ಅವನನ್ನು ಕೇಳದೆ ಮಾತಾಡಿತು.

"ಯಾರಿಗೆ ಬಂದ ಸುದ್ದಿನ ಇರಲಿ, ಎಲ್ಲಾರಿಗೂ ಹೋಗೂ ಹಂಗ ಮಾಡಿಬಿಡ್ತೇನ್ರಿ! ಒಮ್ಮೆಲೇ! ಯಾರಿಗೂ ಮೊದಲಿಲ್ಲ, ಯಾರಿಗೂ ಆಮ್ಯಾಲಿಲ್ಲ."

ತನ್ನ ಸುದ್ದಿ ಎಲ್ಲರಿಗೂ ಹೋಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಎಲ್ಲರ ಸುದ್ದಿ ತನಗೆ ಬರುತ್ತದೆ ಅನ್ನುವುದು ಎಲ್ಲರ ತಲೆಗೂ ಹೊಳೆಯಿತು. ಒಮ್ಮತದಿಂದ ಪಾಸಾಯಿತು.

"ಮತ್ತ ಗಿರಾಕಿ ಕಾಯೂ ಹಂಗಿಲ್ರಿ" ಅಂತ ಈರೇಶ ಹುರುಪಿನಿಂದ ಸೇರಿಸಿದ. "ಮೊದಲನೇ ರಿಂಗಿಗೇ ಮಶೀನ್ ಎತ್ತಿಬಿಡ್ತೈತಿ. ಪೂರಾ ರಿಂಗೂ ಅಲ್ಲ, ಅರ್ಧಾ ರಿಂಗಿಗೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಚಪ್ಪಾಳೆ ಯಾವುದಕ್ಕೆ ಬಿತ್ತು ಅನ್ನುವುದನ್ನು ಓದುಗರು ನೆನಪಿಡಬೇಕು.

ಮಶೀನಿಗೆ ಧ್ವನಿ ಕೊಟ್ಟವನೂ ಈರೇಶನೇ. ಬುಡನಸಾಬನ ಅಂಗಡಿಯ ಶಟರ್ ಎಳೆದು, ಒಳಗೆ ಸೆಕೆಯಲ್ಲಿ ಕುಳಿತು, ಬೆಂಗಳೂರಿನವರ ಹಾಗೆ ಬಾಯಿ ಸಣ್ಣ ಮಾಡಿಕೊಂಡು ಹೇಳಿದ: "ನಮಸ್ಕಾರ. ತಮ್ಮ ಕರೆ ನಮಗೆ ಅಮೂಲ್ಯವಾದದ್ದು. ಧ್ವನಿ ಸಂದೇಶಕ್ಕಾಗಿ ಒಂದು ಒತ್ತಿರಿ. ಇ-ಮೇಲ್‌ಗಾಗಿ ಎರಡು ಒತ್ತಿರಿ. ಫ್ಯಾಕ್ಸಿಗಾಗಿ ಮೂರು ಒತ್ತಿರಿ. ಏನನ್ನೂ ಒತ್ತದಿದ್ದಲ್ಲಿ ತಾವು ಮಾತನಾಡಬಹುದು."

"ಲೇ ಈರೇಶ, ಇದು ನೀನ ಏನಲೇ?" ಅಂದ ಬುಡನಸಾಬ. "ಯಾರೋ ಸತ್ತಾರಂತ ರೇಡಿಯೋದಾಗ ಹೇಳಿದಂಗ ಕೇಳಸ್ತೈತಿ."

ಸಂತೆಯ ದಿನ ಬೆಳಿಗ್ಗೆ ಕಾಯಿ ಒಡೆದು ವ್ಯವಸ್ಥೆ ಚಾಲೂ ಮಾಡಿದರು.

ಮೊದಲು ಎಲ್ಲರಿಗೂ ಬಹಳ ಶಾಂತ ಅನ್ನಿಸಿತು. ಯಾವ ಅಂಗಡಿಯಲ್ಲೂ ಫೋನು ಬಡಿದುಕೊಳ್ಳಲಿಲ್ಲ. "ನೋಡ್ರಿ, ಏನ್ ನೆಮ್ಮದಿ!" ಅಂತ ಮಡಿವಾಳೆಪ್ಪ ತಕ್ಕೆದಿಂಬಿಗೆ ಒರಗಿದರು. ಅವರ ಮೊಬೈಲು ಟಿಣ್ ಟಿಣ್ ಅನ್ನುತ್ತಿತ್ತು. ಒಂದೊಂದು ಟಿಣ್ಣೂ ಒಂದೊಂದು ಸಂದೇಶ. ಸಂತೆಯ ಗದ್ದಲದಲ್ಲಿ ಅವರ ಅಂಗಡಿಯಲ್ಲಿ ಕೇಳಲು ಯಾರಿಗೆ ಪುರಸೊತ್ತು? ಬರುತ್ತಿವೆ ಅನ್ನುವುದೇ ಖುಷಿ.

ಹೊತ್ತು ಏರಿತು. ಮಧ್ಯಾಹ್ನ ಆಯಿತು, ಮಧ್ಯಾಹ್ನ ದಾಟಿತು. ಮಡಿವಾಳೆಪ್ಪ ಹೊಟ್ಟೆ ಸವರಿಕೊಂಡರು. ರೊಟ್ಟಿ ಬಡಿದು ಪಲ್ಯ ಇಳಿಸಿದ ಮೇಲೆ ರಾಜೇಶ್ವರಿ ಅಕ್ಕಾರು ಅಂಗಡಿಗೆ ಒಂದು ರಿಂಗ್ ಕೊಡುವುದು ಆ ಮನೆಯ ಪದ್ಧತಿ. ಒಂದು ರಿಂಗ್ ಅಂದರೆ ಊಟಕ್ಕೆ ಬರ್ರಿ. ಅದರ ಮುಂಚೆ ಮನೆಗೆ ಹೋದರೆ ಗಂಡ ಹಸಿದು ಓಡಿಬಂದ ಅಂತಾಗುತ್ತದೆ, ಸಾವುಕಾರಿಕೆಗೆ ಕುಂದು. ಇವತ್ತು ರಿಂಗಿಲ್ಲ. ಗುಡದಪ್ಪನವರಿಗೆ ಹುಬ್ಬಳ್ಳಿ ದಲಾಲಿ ಒಂದು ರಿಂಗ್ ಕೊಟ್ಟರೆ 'ಹತ್ತಿ ಹಿಡಿ', ಎರಡು ಕೊಟ್ಟರೆ 'ಬಿಡು'. ಇವತ್ತು ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ, ಗುಡದಪ್ಪ ನಡುವೆ ತೂಗಾಡುತ್ತ ಕುಳಿತಿದ್ದರು. ಮಾಲು ತುಂಬಿದ ಲಾರಿ ತಂದ ಡ್ರೈವರು ರಿಂಗ್ ಕೊಟ್ಟು ಇಳಿಸುವ ಹಮಾಲರನ್ನು ಕಾಯುತ್ತ ಕಾಯುತ್ತ ಲಾರಿಯನ್ನು ರಸ್ತೆಯ ನಡುವೆಯೇ ಬಿಟ್ಟು ಮಲಗಿದ್ದ. ಅದರ ಹಿಂದೆ ಸಂತೆಯ ಗಾಡಿಗಳು ಗದಗ ರಸ್ತೆಯ ತನಕ ನಿಂತಿದ್ದವು.

ಆಗ ಪೊಲೀಸ್ ಪೇದೆ ಭೀಮಶಿ ಅಂಗಡಿಯೊಳಗೆ ಬಂದ. ಕೈಯಲ್ಲಿ ಲಾಠಿ ಇತ್ತು.

"ನಮಸ್ಕಾರ್ರಿ ಸಾವ್ಕಾರ್ರ. ಅರಾಮ ಅದೀರಲ್ಲ? ನಿಮ್ಮ ಮನಿಂದ ಕಂಪ್ಲೇಂಟ್ ಬಂದೈತ್ರಿ. ಅಂಗಡ್ಯಾಗ ಯಾಂವೋ ಹೊಕ್ಕಾನ, ಫೋನ್ ಎತ್ತಿ ಸಾವ್ಕಾರ್ರನ್ನ ಕೊಡವಲ್ಲ, ಒಂದು ಒತ್ತು ಎರಡು ಒತ್ತು ಅಂತ ಹೆಣ್ಣಮಗಳಿಗೆ ಅಂಜಸ್ತಾನ ಅಂತ."

ಮಡಿವಾಳೆಪ್ಪ ತಡಮಾಡದೆ ಮೊಬೈಲ್ ತೆಗೆದು ಸಂದೇಶ ಹಚ್ಚಿದರು. ರಾಜೇಶ್ವರಿ ಅಕ್ಕಾರ ಧ್ವನಿ ಅಂಗಡಿ ತುಂಬಿತು: "ಯಾಂವಲೇ ನೀ? ನಮ್ಮನಿಯವ್ರಿಗೆ ಏನ್ ಮಾಡಿದಿ? ಅವರಿಗೆ ಶುಗರ್ ಐತಿ, ಹಸಿದ್ರ ಚಕ್ಕರ್ ಬರ್ತೈತಿ, ಬಿಡಲೇ ಅವರ‍್ನ!"

ಎದುರಿನ ಅಂಗಡಿಯಿಂದ ಅದೇ ಧ್ವನಿ ಬಂತು. ಬಾಜು ಅಂಗಡಿಯಿಂದಲೂ ಬಂತು. "ಸಾವ್ಕಾರ್ರ, ನಿಮಗ ಶುಗರ್ ಐತಂತ ಹೇಳಲೇ ಇಲ್ಲಲ್ರಿ!" ಅಂತ ಗುಡದಪ್ಪ ರಸ್ತೆಯಾಚೆಯಿಂದ ಕೂಗಿದರು. ಮೂವತ್ತು ವರ್ಷ ಮುಚ್ಚಿಟ್ಟ ಮಾತು ಅದು.

ಭೀಮಶಿ ಗೋಡೆಯ ಹಾಳೆಯ ಮುಂದೆ ನಿಂತು ಲಾಠಿಯ ತುದಿಯಿಂದ ಒಂದೊಂದೇ ಬಾಣ ಮುಟ್ಟಿ ನೋಡಿದ. "ಇಲ್ಲಿಂದ ಧ್ವನಿ. ಹೂಂ. ಇಲ್ಲಿಂದ ಮೇಲ್. ಇದು ಫ್ಯಾಕ್ಸ್. ಛೊಲೋ ಬರದೀಯೋ ಈರೇಶಪ್ಪಾ." ಸ್ವಲ್ಪ ಹೊತ್ತು ಹುಡುಕಿದ. "ಮತ್ತ ಮಿಸ್ ಕಾಲ್ ಬಂದ್ರ ಅದು ಎಲ್ಲಿ ಬೀಳ್ತೈತಿ?"

ಅಂಗಡಿಯಲ್ಲಿದ್ದವರೆಲ್ಲ ಹಾಳೆ ನೋಡಿದರು. ಈರೇಶನೂ ನೋಡಿದ. ಮೂರೇ ಬಾಣ. ಊರಿಗೆ ಊರೇ ಉಸಿರಾಡುವ ನಾಲ್ಕನೆಯದಕ್ಕೆ ಅವನು ಜಾಗವನ್ನೇ ಇಟ್ಟಿರಲಿಲ್ಲ. ಅರ್ಧ ರಿಂಗಿಗೆ ಎತ್ತುವ ಮಶೀನಿನ ಮುಂದೆ ಮಿಸ್ ಕಾಲ್ ಹುಟ್ಟುವುದೇ ಇಲ್ಲ.

"ಶಲವಡಿ!" ಅಂದ ಈರೇಶ. ಅಂದವನು ಕುಳಿತುಬಿಟ್ಟ.

ಅಮಾವಾಸ್ಯೆ ನಾಳೆ. ರಿಂಗ್ ಬರಬೇಕಾದದ್ದು ಇದೇ ಅಂಗಡಿಯ ನಂಬರಿಗೆ. ಕೊಟ್ಟಿದ್ದರೆ? ಕೊಟ್ಟು, ಈರೇಶನ ಬೆಂಗಳೂರು ಧ್ವನಿ ಕೇಳಿ, ಅಪಮಾನವಾಗಿ ಇಟ್ಟುಬಿಟ್ಟಿದ್ದರೆ? ಅವನು ಫೋನು ಹಿಡಿದು ಬುಡನಸಾಬನ ಅಂಗಡಿಯ ಕಡೆಗೆ ಓಡಿದ. ದಾರಿಯಲ್ಲಿ ಜಮೀಲಾಬಿಯ ಭಜಿ ಗಾಡಿ. ಜಮೀಲಾಬಿ ಜಾಲಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಅವನ ತೋಳು ಹಿಡಿದಳು. ಅವಳ ಕಣ್ಣಲ್ಲಿ ಕರುಣೆ ಇತ್ತು.

"ಚಿಂತಿ ಮಾಡಬ್ಯಾಡ ಬೇಟಾ. ಕಿವಿ ಮುಂದ ಬಂದ್ರೇನಾತು? ನಮ್ಮ ಮನಿಯವ್ರದೂ ಹಂಗ ಇದ್ವು. ನಲವತ್ತು ವರ್ಷ ಸಂಸಾರ ಮಾಡಿದ್ವಿ."

"ಚಾಚಿ, ಏನ್ ಕಿವಿ?"

"ನೀ ಇನ್ನೂ ಕೇಳಿಲ್ಲೇನು?" ಜಮೀಲಾಬಿ ಸುತ್ತ ನೋಡಿದಳು. ಭಜಿ ತಿನ್ನುತ್ತಿದ್ದ ಹಮಾಲರೆಲ್ಲ ಒಮ್ಮೆಲೇ ತಮ್ಮ ತಮ್ಮ ಕಾಗದದಲ್ಲಿ ಮುಖ ಹುದುಗಿಸಿದರು. "ಇಡೀ ಸಂತಿ ಕೇಳೈತಿ."

ಬುಡನಸಾಬ ಕುರ್ಚಿ ಎಳೆದು ಕೊಟ್ಟ, ನೀರು ಕೊಟ್ಟ, ಆಮೇಲೆ ಸಂದೇಶ ಹಚ್ಚಿದ. ಬೆಳಿಗ್ಗೆ ಕಾಯಿ ಒಡೆದ ಸ್ವಲ್ಪ ಹೊತ್ತಿಗೇ ಬಂದ ಕರೆ. ಶಲವಡಿಯ ಸುಭಾಸ ಒಂದು ರಿಂಗ್ ಕೊಟ್ಟು, ಕಟ್ ಆಯಿತೆಂದು ತಿಳಿದು, ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟಿದ್ದರು. ಮಶೀನು ಎತ್ತಿ, ನಮಸ್ಕಾರ ಹೇಳಿ, ಅವರು ಏನನ್ನೂ ಒತ್ತದ್ದರಿಂದ ನಿಯಮದ ಪ್ರಕಾರ ಜೇಬಿನಿಂದ ಬಂದದ್ದನ್ನೆಲ್ಲ ತುಂಬಿಕೊಂಡು ಪೇಟೆಗೆ ಹಂಚಿತ್ತು.

"ಕೊಟ್ರೇನು ರಿಂಗು?" ಹುಡುಗಿಯ ಅವ್ವ ಶೈಲಾ ಅವರ ಧ್ವನಿ.

"ಕೊಟ್ಟೆ. ಈಗ ಅವ್ರ ಹೊಳ್ಳಿ ಮಾಡ್ತಾರ."

"ಹುಡುಗನ ಕಿವಿ ಮಾತ್ರ ಒಂಚೂರು ಮುಂದ ಬಂದಾವ ನೋಡ್ರಿ."

"ಕಿವಿ ಇರಲಿ ಬಿಡ. ಬಡಾಯಿ ಜಾಸ್ತಿ ಅಂವಂದು. ಮೂರೂ ಒಂದ ಮಾಡ್ತಾನಂತ! ದಿವಾನಜಿ ಅದಾನಂತ ಆ ದಿನಾನ ಗೊತ್ತಾತು ನನಗ."

ಆಮೇಲೆ ಮೂರನೆಯ ಧ್ವನಿ. ಈರೇಶ ನೀರಿನ ಲೋಟ ಎದೆಗೆ ಹಿಡಿದ. "ಅಪ್ಪಾ, ಸುಳ್ಳು ಹೇಳೂಮುಂದ ಅವರ ಕಿವಿ ಕೆಂಪಗ ಆಗಿದ್ವು. ನಾ ನೋಡೇನಿ. ನನಗ ಅದ ಛೊಲೋ ಅನಿಸ್ತು. ಸುಳ್ಳು ಹೇಳಾಕ ಬರಲಾರದಾಂವ ಎಲ್ಲಿ ಸಿಗ್ತಾನ ಈಗಿನ ಕಾಲದಾಗ?"

ಇಲ್ಲಿಗೇ ನಿಂತಿದ್ದರೆ ಅಣ್ಣಿಗೇರಿಯಲ್ಲಿ ಈರೇಶನಷ್ಟು ಸುಖಿ ಯಾರೂ ಇರುತ್ತಿರಲಿಲ್ಲ. ಆದರೆ ಜೇಬು ಇನ್ನೂ ಮಾತಾಡುತ್ತಿತ್ತು. "ಆತವ್ವ. ಸಂಜಿ ದೀಪ ಹಚ್ಚೂತನಕ ನೋಡೂಣು. ಹೊಳ್ಳಿ ಫೋನ್ ಬರಲಿಲ್ಲಂದ್ರ ಅವರಿಗೆ ಮನಸಿಲ್ಲಂತ. ಕುಂದಗೋಳದವ್ರು ಕಾಯಾಕತ್ತಾರ, ಅವರಿಗೆ ಹೂಂ ಅಂದುಬಿಡ್ತೀನಿ."

ಹೊರಗೆ ನೆರಳು ರಸ್ತೆ ದಾಟಿ ಎದುರಿನ ಗೋಡೆ ಹತ್ತಿತ್ತು.

ಈರೇಶ ಫೋನ್ ಹಚ್ಚಿದ. ಎಂಗೇಜ್. ಮತ್ತೆ ಹಚ್ಚಿದ. ಎಂಗೇಜ್. ಬುಡನಸಾಬನ ಫೋನಿನಿಂದ ಹಚ್ಚಿದ. ಎಂಗೇಜ್. "ಕುಂದಗೋಳದವ್ರ ಜೋಡಿ ಮಾತಾಡಾಕತ್ತಾರಲೇ, ಮುಗೀತಲೇ ನಂದು!" ಅಂತ ಅವನು ಕೂಗಿದಾಗ ಬಾಗಿಲಲ್ಲಿ ಗುಡದಪ್ಪ ಕಾಣಿಸಿದರು. ಕಿವಿಗೆ ಫೋನಿತ್ತು.

"ಎಂಗೇಜ್ ಬರಾಕತ್ತೈತಿ" ಅಂದರು ಗುಡದಪ್ಪ ಬೇಸರದಿಂದ. "ನಿಮ್ಮ ಮಾವ ಆಗಾಂವ ಯಾರ ಜೋಡಿ ಇಷ್ಟೊತ್ತು ಮಾತಾಡ್ತಾನೋ? ನಾನೂ ಒಂದು ಮಾತು ಹೇಳೂಣು ಅಂತ ಮಾಡಾಕತ್ತೇನಿ. ಹುಡುಗ ಛೊಲೋ ಅದಾನ, ಕಿವಿ ನೋಡಬ್ಯಾಡ್ರಿ ಅಂತ."

ಈರೇಶ ಬಾಗಿಲ ಹೊರಗೆ ಇಣುಕಿದ. ಪೇಟೆಯ ಉದ್ದಕ್ಕೂ, ಅಂಗಡಿ ಅಂಗಡಿಯ ಕಟ್ಟೆಯ ಮೇಲೆ, ವ್ಯಾಪಾರಸ್ಥರು ಫೋನು ಕಿವಿಗೆ ಹಚ್ಚಿಕೊಂಡು ನಿಂತಿದ್ದರು. ಎಲ್ಲರ ಫೋನಿನಲ್ಲೂ ಶಲವಡಿಯ ನಂಬರು ಬಂದಿತ್ತು. ರಿಂಗ್ ಬಂದ ನಂಬರಿಗೆ ಹೊಳ್ಳಿ ಮಾಡದಿರುವುದು ಅಣ್ಣಿಗೇರಿಯವರ ರಕ್ತದಲ್ಲೇ ಇಲ್ಲ.

"ಗಾಡಿ ತಗೀ" ಅಂದ ಈರೇಶ.

ಬುಡನಸಾಬನ ಬೈಕು ಮಲಗಿದ ಲಾರಿಯನ್ನು ಬಳಸಿ, ಬೈಯುವ ಚಕ್ಕಡಿಗಳನ್ನು ಬಳಸಿ, ಶಲವಡಿಯ ದಾರಿ ಹಿಡಿಯಿತು. ಎರಡೂ ಕಡೆ ಕರೀ ಹೊಲ, ಕಡಲೆ ಹೂ ಬಿಟ್ಟಿತ್ತು. ಈರೇಶ ಅದನ್ನೇನೂ ನೋಡಲಿಲ್ಲ. ಯಾರ ಮನೆಯಲ್ಲಾದರೂ ದೀಪ ಹಚ್ಚಿದ್ದಾರೋ ಅಂತಷ್ಟೇ ನೋಡಿದ. ಒಂದು ತೋಟದ ಮನೆಯಲ್ಲಿ ಬಲ್ಬ್ ಉರಿಯುವುದು ಕಂಡು ಬುಡನಸಾಬನ ಬೆನ್ನಿಗೆ ಗುದ್ದಿದ. "ದೀಪ ಹಚ್ಯಾರಲೇ!"

"ಅದು ಮೋಟಾರದ ಬಲ್ಬಲೇ, ಹಗಲೂ ಉರಿತೈತಿ! ಗುದ್ದಬ್ಯಾಡ, ಇಬ್ಬರೂ ಕಾಲವ್ಯಾಗ ಬೀಳ್ತೇವಿ!"

ಸುಭಾಸ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಒಂದು ಕಿವಿ ಕೆಂಪಾಗಿತ್ತು. ಫೋನು ಇನ್ನೊಂದು ಕಿವಿಯಲ್ಲಿತ್ತು. ಸುತ್ತ ಓಣಿಯ ಮಂದಿ ಸೇರಿದ್ದರು. "ಹೌದ್ರಿ... ಹೌದ್ರಿ, ಅಕ್ಷರ ಛೊಲೋ ಅದಾವಂತ ಹೇಳ್ಯಾರ್ರಿ... ಇಲ್ರಿ, ನಮ್ಮಲ್ಲೆ ಹತ್ತಿ ಎಲ್ಲಾ ಮಾರಿ ಆಗೈತ್ರಿ..." ಅಂತ ಹೇಳಿ ಹೇಳಿ ಕೊನೆಗೆ ಫೋನು ಆರಿಸಿ ಈರೇಶನನ್ನು ನೋಡಿದರು.

"ಬರ್ರಿ, ಪ್ಲಾನ್ ಮಾಡಾವ್ರು. ಮುಂಜಾನಿಂದ ನಿಮ್ಮ ಇಡೀ ಪೇಟಿ ನನಗ ಫೋನ್ ಮಾಡೈತಿ. ಒಬ್ಬಾಂವ ಹುಡುಗ ದೇವರಂಥಾಂವ ಅಂದ. ಒಬ್ಬಾಂವ ಉಂಡಿಂದ ತಾಸು ಮಲಗ್ತಾನ ಅಂದ. ಒಬ್ಬಾಂವ ನಾಯಿಗೆ ಅಂಜತಾನ ಅಂದ. ಒಬ್ಬಾಂವ ನಿಮ್ಮ ಸುದ್ದಿ ಬಿಟ್ಟು ದನಕ್ಕ ಹಿಂಡಿ ಬೇಕೇನು ಅಂದ. ನಾ ಪೇಟಿಗೆ ಬಂದು ವಿಚಾರಣಿ ಮಾಡಬೇಕಂತಿದ್ದೆ. ಪೇಟಿನ ನನ್ನ ಮನೀಗೆ ಬಂತು."

"ಮಾವಾ... ಅಲ್ರಿ, ಸುಭಾಸಪ್ಪಾರ..."

"ಅದೆಲ್ಲಾ ಇರಲಿ." ಸುಭಾಸರ ಧ್ವನಿ ಇಳಿಯಿತು, ಅದು ಏರಿದ್ದಕ್ಕಿಂತ ಕೆಟ್ಟದಾಗಿತ್ತು. "ನನ್ನ ಮಗಳು ಮನ್ಯಾಗ ಅಪ್ಪನ ಮುಂದ ಆಡಿದ ಮಾತು ಅಣ್ಣಿಗೇರಿ ಸಂತ್ಯಾಗ ಭಜಿ ತಿನ್ಕೋಂತ ಕೇಳ್ಯಾರ. ಇದಕ್ಕ ಏನ್ ಹೇಳ್ತಿ?"

ಈರೇಶ ಕಟ್ಟೆಯ ಹತ್ತಿರ ಬಂದು ಕೈ ಮುಗಿದ.

"ತಪ್ಪು ನಂದ್ರಿ. ಧ್ವನಿಗೆ ಜಾಗಾ ಇಟ್ಟೆ, ಫ್ಯಾಕ್ಸಿಗೆ ಇಟ್ಟೆ. ಮಿಸ್ ಕಾಲಿಗೆ ಇಡೂದು ಮರತೆ."

"ಅಣ್ಣಿಗೇರ್ಯಾಗ ಹುಟ್ಟಿ ಮಿಸ್ ಕಾಲ್ ಮರತಿ?" ಸುಭಾಸರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. "ಉಣ್ಣೂದು ಮರತೇನಿ ಅಂದಿದ್ರ ನಂಬತಿದ್ದೆ." ಎದ್ದು ನಿಂತರು. "ಶೈಲಾ, ದೀಪ ಹಚ್ಚು. ಈ ಮಾತು ಇಲ್ಲಿಗೆ ಸಾಕು."

"ಒಂದ ನಿಮಿಷ ಅಪ್ಪಾ."

ರೋಹಿಣಿ ಬಾಗಿಲಿಗೆ ಬಂದಿದ್ದಳು. ಅತ್ತು ಕೆಂಪಾದ ಕಣ್ಣು. ಆದರೆ ಧ್ವನಿ ಗಟ್ಟಿ.

"ಊರ ಮಂದಿ ಎಲ್ಲಾ ನನ್ನ ಮಾತು ಕೇಳ್ಯಾರ. ನಾಳೆ ನಾ ಬಸ್ಸಿಗೆ ನಿಂತ್ರೂ ಕಿವಿ ಹುಡುಗಿ ಅಂತ ನಗ್ತಾರ. ಇವ್ರು ಮಾತ್ರ ಏನೂ ಅಂದಿಲ್ಲ. ಅದ್ಹೆಂಗ ಆಗ್ತೈತಿ? ಇವ್ರೂ ಅನ್ಲಿ. ಅದ ಡಬ್ಬ್ಯಾಗ ಅನ್ಲಿ. ನನ್ನ ಮಾತು ಯಾರ‍್ಯಾರು ಕೇಳ್ಯಾರ, ಅವರೆಲ್ಲಾ ಇವರದೂ ಕೇಳ್ಲಿ. ಆಮ್ಯಾಲ ದೀಪ ಹಚ್ಚೂದೋ ಬಿಡೂದೋ ನಾ ಹೇಳ್ತೀನಿ."

ಶೈಲಾ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ನಿಂತೇ ಬಿಟ್ಟರು.

ಈರೇಶ ಫೋನು ತೆಗೆದ. ಗಡಿಬಿಡಿಯಲ್ಲಿ ಅಂಗಡಿಯ ನಂಬರಿನ ಬದಲು ಅವ್ವನಿಗೆ ಹಚ್ಚಿದ, ಕಟ್ ಮಾಡಿದ, ಮತ್ತೆ ಹಚ್ಚಿದ. ಅರ್ಧ ರಿಂಗಿಗೇ ಎತ್ತಿತು. ಅವನು ಕಣ್ಣು ಮುಚ್ಚಿ, ಕೇಳುವ ಗೋಜಿಗೆ ಹೋಗದೆ ಒಂದು ಒತ್ತಿ, ಶುರು ಮಾಡಿದ.

"ನಮಸ್ಕಾರ್ರಿ. ನಾ ಈರೇಶ. ಇದು ಎಲ್ಲಾರಿಗೂ ಹೋಗೂ ಸುದ್ದಿ. ನಾ ಶಲವಡ್ಯಾಗ ಸುಳ್ಳು ಹೇಳಿದ್ದೆ. ನಾ ಪ್ಲಾನ್ ಮಾಡಾಂವ ಅಲ್ಲ, ದಿವಾನಜಿ. ಯಾಕ ಹೇಳಿದೆ ಅಂದ್ರ... ಪೇಟ್ಯಾಗ ಎಲ್ಲಾರೂ ನನ್ನ ಕಡೆ ನೋಡೂದು ಲೆಕ್ಕ ಕೇಳಾಕ. ನನ್ನ ನೋಡಾಕಂತ ಯಾರೂ ನೋಡಿದ್ದಿಲ್ಲ. ಆಕಿ ನೋಡಿದ್ಲು. ದಿವಾನಜಿ ಅಂದ್ರ ಮತ್ತ ನೋಡ್ತಾಳೋ ಇಲ್ಲೋ ಅಂತ ಅಂಜಿಕಿ ಆತು. ಈಗೂ ಐತಿ. ನಾಯಿಗೆ ಅಂಜೂದಕ್ಕಿಂತ ಜಾಸ್ತಿ ಐತಿ. ಆಕಿ ಇಲ್ಲಾ ಅಂದ್ರ ನಾ..."

"ನಾ ಏನಲೇ?" ಅಂತು ಫೋನು.

ಈರೇಶ ಕಣ್ಣು ಬಿಟ್ಟ.

"ಲೇ ಈರ್ಯಾ, ನಾನಲೇ, ಮಡಿವಾಳೆಪ್ಪ. ಮಶೀನ್ ಎಲ್ಲೈತಿ? ನಿಮ್ಮ ಅಕ್ಕಾರು ಬುತ್ತಿ ತಗೊಂಡು ಬಂದಾಕಿ ವೈರ್ ಕಿತ್ತು ಹೊರಗ ಒಗದಾಳ. ನಿನ್ನ ಫೋನ್ ಕಾಯ್ಕೋಂತ ಅದರ ಮ್ಯಾಲನ ಕೈ ಇಟ್ಕೊಂಡು ಕುಂತೇವಿ. ಇಡೀ ಪೇಟಿ ಇಲ್ಲೇ ಐತಿ. ಆಕಿ ಇಲ್ಲಾ ಅಂದ್ರ ನೀ ಏನು, ಮುಂದ ಹೇಳು."

ಹಿಂದಿನಿಂದ ಗುಡದಪ್ಪನವರ ಧ್ವನಿ: "ಸ್ಪೀಕರ್ ಜೋರ ಮಾಡ್ರಿ ಸಾವ್ಕಾರ್ರ, ಹಿಂದಿನವರಿಗೆ ಕೇಳವಲ್ದು!" ಅದರ ಹಿಂದೆ ಗೌರಕ್ಕ: "ಹೇಳೋ ಮಗನ, ಅಂಜಬ್ಯಾಡ!"

ಮನುಷ್ಯ ಮಶೀನಿಗೆ ಹೇಳಬಲ್ಲದ್ದನ್ನು ಸಾವುಕಾರನಿಗೆ ಹೇಳಲಾರ.

ರೋಹಿಣಿ ಮೆಟ್ಟಿಲು ಇಳಿದು ಬಂದಳು. ಅಪ್ಪನನ್ನು ಒಮ್ಮೆ ನೋಡಿದಳು. ಸುಭಾಸ ಕಟ್ಟೆಯ ಮೇಲೆ ಮತ್ತೆ ಕುಳಿತರು. ಅವಳು ಈರೇಶನ ಕೈಯಿಂದ ಫೋನು ತೆಗೆದುಕೊಂಡಳು.

"ಕಾಕಾರ, ನಾ ರೋಹಿಣಿ. ನಂದು ಹೂಂ ಐತ್ರಿ. ದಿನಾ ಗೊತ್ತು ಮಾಡೂದು ಅಪ್ಪನ ಜೋಡಿ ನಾಳೆ ಮಾತಾಡ್ರಿ."

"ಶಾಬಾಸ್ ಮಗಳ! ಆದ್ರ ಅಂವ ಏನೋ ಹೇಳಾಕತ್ತಿದ್ದ..."

"ಉಳಿದದ್ದು ನನಗೊಬ್ಬಾಕಿಗೆ ಹೇಳ್ತಾರ್ರಿ. ಇಡ್ರಿ ಫೋನ್."

ಅಂದವಳು ತಾನೇ ಕಟ್ ಮಾಡಿದಳು.

ಅತ್ತ ಅಣ್ಣಿಗೇರಿಯಲ್ಲಿ ಇಡೀ ಪೇಟೆ ಆರಿದ ಫೋನಿನ ಸುತ್ತ ಕಿವಿಗೊಟ್ಟು ಇನ್ನೂ ಸ್ವಲ್ಪ ಹೊತ್ತು ನಿಂತಿತ್ತಂತೆ. ಅಷ್ಟು ಮಂದಿ ವ್ಯಾಪಾರಸ್ಥರು ಒಂದೇ ಕಡೆ ಕೂಡಿ, ಏನೂ ಗಿಟ್ಟದೆ ಮನೆಗೆ ಹೋದದ್ದು ಅದೇ ಮೊದಲು.